ನಿಮಗಿದು ಗೊತ್ತೇ? ಗುದ್ದಿದವನು ಒಬ್ಬ, ಹೊಣೆ ಹಲವರದು

ತುಮಕೂರಿನಿಂದ ಕುಣಿಗಲ್ ಕಡೆಗೆ ಹೊರಟರೆ ಗೂಳೂರು ಸಿಗುತ್ತದೆ. ಕಾರ್ತಿಕ ಮಾಸದಲ್ಲಿ ಇಲ್ಲಿನ ಮಣ್ಣಿನ ಮಹಾಗಣಪತಿಯನ್ನು ನೋಡಲು ಬರುವವರ ಬೈಕು, ಆಟೊ, ಟ್ರ್ಯಾಕ್ಟರುಗಳು ಬಸ್ಸು ಲಾರಿಗಳ ನಡುವೆ ಜಾಗ ಹುಡುಕುತ್ತವೆ. ಒಂದು ಗಾಡಿ ಇನ್ನೊಂದಕ್ಕೆ ತಗುಲಿತೋ, ಪೊಲೀಸರು ಬರುವ ಮೊದಲೇ ನೆರೆದವರ ತೀರ್ಪು ಸಿದ್ಧ: 'ದೊಡ್ಡ ಗಾಡಿಯವನದೇ ತಪ್ಪು!' ಕೋರ್ಟಿನ ಲೆಕ್ಕ ಬೇರೆ. ಅದು ತಪ್ಪನ್ನು ಪಾಲು ಮಾಡುತ್ತದೆ. ಕೆಲವೊಮ್ಮೆ ಆ ಜಾಗದಲ್ಲೇ ಇಲ್ಲದವರ ತಲೆಗೂ ಒಂದು ಪಾಲು ಕಟ್ಟುತ್ತದೆ.

ಅಪಘಾತ ಒಂದು, ಕೇಸು ಎರಡು

● ಒಂದೇ ಅಪಘಾತಕ್ಕೆ ಎರಡು ಕೇಸು ನಡೆಯುತ್ತವೆ. ಚಾಲಕನಿಗೆ ಶಿಕ್ಷೆ ಕೊಡಿಸಲು ಪೊಲೀಸರು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಹೂಡುವುದು ಒಂದು. ಪರಿಹಾರಕ್ಕಾಗಿ ಗಾಯಾಳು ಅಥವಾ ಮೃತರ ಮನೆಯವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಹೂಡುವುದು ಇನ್ನೊಂದು. ಮೊದಲನೆಯದರಲ್ಲಿ ತಪ್ಪು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಎರಡನೆಯದರಲ್ಲಿ 'ಹೀಗೇ ಆಗಿರುವ ಸಂಭವ ಹೆಚ್ಚು' ಎಂದು ತೋರಿಸಿದರೆ ಸಾಕು. ಹಾಗಾಗಿ ಚಾಲಕ ಖುಲಾಸೆಯಾದ ಮಾತ್ರಕ್ಕೆ ಪರಿಹಾರದ ಕೇಸು ಬಿದ್ದುಹೋಗುವುದಿಲ್ಲ. ಸುಪ್ರೀಂ ಕೋರ್ಟ್ 1980ರಲ್ಲೇ ಇದನ್ನು ಸ್ಪಷ್ಟಪಡಿಸಿದೆ.

● ಅಜಾಗರೂಕತೆಯಿಂದ ಗಾಡಿ ಓಡಿಸಿ ಸಾವು ತಂದರೆ ಹಿಂದೆ ಐಪಿಸಿ 304ಎ ಪ್ರಕಾರ ಹೆಚ್ಚೆಂದರೆ 2 ವರ್ಷ ಜೈಲು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ ಅದನ್ನು 5 ವರ್ಷಕ್ಕೆ ಏರಿಸಿದೆ. ಯಾರಿಗೂ ಪೆಟ್ಟಾಗದಿದ್ದರೂ ಅಪಾಯಕಾರಿಯಾಗಿ ಓಡಿಸಿದ್ದಕ್ಕೇ 281ನೇ ಕಲಂ ಅಡಿ 6 ತಿಂಗಳವರೆಗೆ ಜೈಲು ಸಾಧ್ಯ.

● ಸಾವು ತಂದು, ಪೊಲೀಸರಿಗೂ ತಿಳಿಸದೆ ಓಡಿಹೋದವರಿಗೆ 10 ವರ್ಷದವರೆಗೆ ಶಿಕ್ಷೆ ಎನ್ನುವ 106(2)ನೇ ಉಪಕಲಂ ಕೂಡ ಇದೇ ಸಂಹಿತೆಯಲ್ಲಿದೆ. 2024ರ ಜನವರಿಯಲ್ಲಿ ದೇಶದ ಲಾರಿ ಚಾಲಕರು ಸ್ಟೀರಿಂಗ್ ಬಿಟ್ಟು ಬೀದಿಗಿಳಿದದ್ದು ಇದರ ವಿರುದ್ಧವೇ. ಜುಲೈನಲ್ಲಿ ಸಂಹಿತೆ ಜಾರಿಯಾದಾಗ ಈ ಉಪಕಲಮನ್ನು ತಡೆಹಿಡಿಯಲಾಯಿತು.

● 'ಗಾಡಿ ಬಹಳ ಸ್ಪೀಡಾಗಿತ್ತು' ಎಂಬ ಸಾಕ್ಷಿಯೊಂದೇ ಶಿಕ್ಷೆಗೆ ಸಾಲದು. 1998ರಲ್ಲಿ ಕರ್ನಾಟಕದ್ದೇ ಒಂದು ಲಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ವೇಗ ಎನ್ನುವುದು ರಸ್ತೆ, ಜನಸಂದಣಿ, ಹೊತ್ತು ನೋಡಿ ಹೇಳಬೇಕಾದ ಮಾತು. ನಾಲ್ಕು ಪಥದ ಹೆದ್ದಾರಿಯಲ್ಲಿ ಸಲ್ಲುವ ವೇಗವೇ ಗುಬ್ಬಿಯ ಪೇಟೆಬೀದಿಯಲ್ಲಿ ಅಪರಾಧ.

● ನಿಧಾನವಾಗಿ ಬಂದ ಕಾರೂ ಕೊಂದೀತು. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ಕಾರಿಗೆ ಸಿಕ್ಕಿ ಒಬ್ಬ ಮಹಿಳೆ ಸತ್ತರು. ಬ್ರಿಟನ್ನಿನಲ್ಲಿ ಕಾರಿಗೆ ಬಲಿಯಾದ ಮೊದಲ ಪಾದಚಾರಿ ಅವರು. ಗಂಟೆಗೆ 4 ಮೈಲಿ ವೇಗದಲ್ಲಿದ್ದೆ ಎಂದು ಚಾಲಕ ಹೇಳಿದ. 'ಆಕಸ್ಮಿಕ ಸಾವು' ಎಂದು ತೀರ್ಮಾನವಾಯಿತು. ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ.

● ಮಗುವೊಂದು ದಿಢೀರನೆ ರಸ್ತೆಗೆ ಅಡ್ಡ ಓಡಿ ಬಂತು. ಬಸ್ ಚಾಲಕ ತಪ್ಪಿಸಲು ಗಾಡಿಯನ್ನು ಬಲತುದಿಗೆ ಎಳೆದ. ಆದರೂ ಮಗು ಉಳಿಯಲಿಲ್ಲ. ಕರ್ನಾಟಕದ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1979ರಲ್ಲಿ ಚಾಲಕನನ್ನು ಬಿಡುಗಡೆ ಮಾಡಿತು. ಅಪಘಾತ ನಡೆದದ್ದೇ ಅಪರಾಧಕ್ಕೆ ಪುರಾವೆ ಆಗಲಾರದು ಎಂಬುದಕ್ಕೆ ವಕೀಲರು ಇವತ್ತಿಗೂ ಎತ್ತಿ ತೋರಿಸುವ ತೀರ್ಪು ಇದು.

● ಹಾಗೆಂದು ಕೋರ್ಟು ಸದಾ ಚಾಲಕರ ಕಡೆಗೆ ಮೃದುವಲ್ಲ. ನಮ್ಮ ರಾಜ್ಯದ ಇನ್ನೊಂದು ಪ್ರಕರಣದಲ್ಲಿ ಸಾವು ತಂದ ಚಾಲಕನಿಗೆ ಕೆಳ ನ್ಯಾಯಾಲಯ ಬರೀ ₹250 ದಂಡ ಹಾಕಿ ಬಿಟ್ಟಿತ್ತು. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ 6 ತಿಂಗಳ ಕಠಿಣ ಸಜೆ, ₹1,000 ದಂಡ ವಿಧಿಸಿತು. ಇಂಥ ಕಡೆ ಅನುಕಂಪ ತೋರಿದರೆ ನ್ಯಾಯದ ಮೇಲೆ ಜನರಿಟ್ಟ ನಂಬಿಕೆಯೇ ಹೋದೀತು ಎಂಬುದು ಅದರ ನಿಲುವು.

● 'ಸ್ಟೇಷನ್ನಿನಲ್ಲೇ ರಾಜಿ ಮಾಡ್ಕೊಳ್ಳಿ' ಎನ್ನುವ ಹಿರಿಯರು ಎಲ್ಲ ಊರಲ್ಲೂ ಇರುತ್ತಾರೆ. ಗಾಯದ ಪ್ರಕರಣಗಳನ್ನು ಕೋರ್ಟಿನ ಅನುಮತಿ ಪಡೆದು ರಾಜಿ ಮಾಡಿಕೊಳ್ಳಬಹುದು. ಸಾವು ಸಂಭವಿಸಿದ ಕೇಸು ರಾಜಿಯಾಗುವಂಥದ್ದಲ್ಲ. ಎಫ್‌ಐಆರ್ ಬೇಡವೆಂದು ಕೈಗೆ ಸಿಕ್ಕಷ್ಟು ಹಣ ತೆಗೆದುಕೊಂಡರೆ ಮುಂದೆ ಪರಿಹಾರದ ಅರ್ಜಿಗೆ ಆಧಾರವಾಗಬೇಕಾದ ಕಾಗದಗಳೇ ಇರುವುದಿಲ್ಲ.

ಗುದ್ದಿದ ಗಳಿಗೆಯಿಂದ

● ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು ಚಾಲಕನ ಕಾನೂನುಬದ್ಧ ಕರ್ತವ್ಯ. ಆದರೆ ಗುಂಪು ಹಲ್ಲೆಗೆ ನಿಂತರೆ? ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಅದನ್ನೂ ಯೋಚಿಸಿದೆ. ಉದ್ರಿಕ್ತ ಗುಂಪಿನ ಭಯವಿದ್ದರೆ ಅಲ್ಲಿ ನಿಲ್ಲದಿದ್ದಕ್ಕೆ ವಿನಾಯಿತಿ ಉಂಟು. ಆದರೆ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಲೇಬೇಕು. ವಿಮಾ ಕಂಪನಿಗೂ ಹೇಳಬೇಕು.

● ಗಾಯಾಳುವನ್ನು ಎತ್ತಿಕೊಂಡು ಹೋದವರನ್ನು ಪೊಲೀಸರು ಹೆಸರು ಹೇಳು, ಸಾಕ್ಷಿ ಹೇಳು ಎಂದು ಬಲವಂತ ಮಾಡುವಂತಿಲ್ಲ. ಆಸ್ಪತ್ರೆ ಅವರಿಂದ ಹಣ ಕೇಳುವಂತಿಲ್ಲ. ಸಹಾಯ ಮಾಡುವವರ ರಕ್ಷಣೆಗೆಂದೇ ಕಾಯ್ದೆ ತಂದ ಮೊದಲ ರಾಜ್ಯ ಕರ್ನಾಟಕ. ಅದು 2016ರ ಕಾಯ್ದೆ. ಕೇಂದ್ರದ ಕಾಯ್ದೆಯಲ್ಲಿ 134ಎ ಕಲಂ ಬಂದದ್ದು 2019ರ ತಿದ್ದುಪಡಿಯಲ್ಲಿ. ತೀವ್ರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿದವರಿಗೆ ಕೇಂದ್ರ ಕೊಡುವ ಬಹುಮಾನ ಈಗ ₹25,000.

● 2016ರ ಫೆಬ್ರವರಿ 16. ಪಂಚಾಯಿತಿ ಚುನಾವಣೆಗೆ ಗುಬ್ಬಿ ತಾಲ್ಲೂಕಿನ ತನ್ನೂರಿಗೆ ಬಂದು ಮತ ಹಾಕಿದ್ದ ಹರೀಶ್ ಎಂಬ ಯುವಕ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದರು. ನೆಲಮಂಗಲದ ಬಳಿ ಲಾರಿ ಹರಿದು ದೇಹ ಎರಡಾಯಿತು. ಅಂಥ ಸ್ಥಿತಿಯಲ್ಲೂ ಅವರು ಅಂಗಾಂಗ ದಾನ ಮಾಡುವಂತೆ ಕೇಳಿಕೊಂಡರು. ಅವರ ಕಣ್ಣುಗಳು ದಾನವಾದವು. ಮರುತಿಂಗಳೇ ರಾಜ್ಯ ಸರ್ಕಾರ 'ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ' ತಂದಿತು. ಗಾಯಾಳು ಯಾವ ರಾಜ್ಯದವರಾದರೂ ಸರಿ, ಮೊದಲ 48 ಗಂಟೆಯ ಚಿಕಿತ್ಸೆಗೆ ₹25,000ವರೆಗೆ ಸರ್ಕಾರದ ನೆರವು ಎಂಬುದು ಅದರ ಆಶಯ.

● ಕೇಂದ್ರ ಸರ್ಕಾರದ ನಗದುರಹಿತ ಚಿಕಿತ್ಸೆಯ ಯೋಜನೆ 2025ರ ಮೇ 5ರಿಂದ ಜಾರಿಯಲ್ಲಿದೆ. ಅಪಘಾತ ನಡೆದ ದಿನದಿಂದ 7 ದಿನದವರೆಗೆ, ಒಬ್ಬರಿಗೆ ₹1.5 ಲಕ್ಷದವರೆಗೆ. ತಪ್ಪು ಗಾಯಾಳುವಿನದೇ ಆಗಿದ್ದರೂ ಚಿಕಿತ್ಸೆಗೆ ಅಡ್ಡಿಯಿಲ್ಲ.

● ಪೊಲೀಸರಿಗೂ ಗಡುವು ಇದೆ. 2022ರ ಏಪ್ರಿಲ್ 1ರಿಂದ ಜಾರಿಯಾದ ಕೇಂದ್ರ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 90 ದಿನದೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಕೊಡಬೇಕು. ಸ್ಥಳದ ಮಹಜರು, ನಕ್ಷೆ, ಗಾಡಿಯ ತಪಾಸಣೆ ಎಲ್ಲ ಅದರಲ್ಲಿರುತ್ತವೆ. ಆ ವರದಿಯ ಪ್ರತಿ ಕೇಳುವುದು ಸಂತ್ರಸ್ತರ ಹಕ್ಕು.

ತಪ್ಪಿನಲ್ಲಿ ಪಾಲೆಷ್ಟು?

● ತಪ್ಪಿಗೂ ಶೇಕಡಾವಾರು ಲೆಕ್ಕ ಇದೆ. ಬೈಕ್ ಸವಾರನ ತಪ್ಪು ಶೇ 25, ಲಾರಿಯವನದು ಶೇ 75 ಎಂದು ನ್ಯಾಯಮಂಡಳಿ ಹೇಳಿದರೆ ಸವಾರನ ಮನೆಯವರಿಗೆ ಬರಬೇಕಾದ ಮೊತ್ತದಲ್ಲಿ ಕಾಲು ಭಾಗ ಕಡಿತ. ₹30 ಲಕ್ಷಕ್ಕೆ ₹7.5 ಲಕ್ಷ ಹೋಯಿತು ಎಂದಾಯಿತು. ನಕ್ಷೆಯಲ್ಲಿ ಗಾಡಿ ರಸ್ತೆಯ ಯಾವ ಬದಿಗಿತ್ತು ಎಂದು ಎಳೆದ ಒಂದು ಗೆರೆಗೆ ಇಷ್ಟು ಬೆಲೆ.

● ಇಬ್ಬರು ಚಾಲಕರೂ ತಪ್ಪು ಮಾಡಿದ್ದರೆ ಒಳಗೆ ಕುಳಿತ ಪ್ರಯಾಣಿಕನ ಗತಿ? ಅವನು ಇಬ್ಬರಲ್ಲಿ ಯಾರ ಮೇಲಾದರೂ ಪೂರ್ತಿ ಪರಿಹಾರಕ್ಕೆ ಅರ್ಜಿ ಹಾಕಬಹುದು. ಪಾಲು ಹಂಚಿಕೊಳ್ಳುವ ತಾಪತ್ರಯ ಅವರಿಬ್ಬರದು. 2004ರಲ್ಲಿ ನಮ್ಮ ಹೈಕೋರ್ಟಿನ ಪೂರ್ಣಪೀಠ ಇಂಥ ಜಂಟಿ ಹೊಣೆಯ ಪ್ರಶ್ನೆಯನ್ನು ವಿಚಾರಿಸಿತ್ತು. 2015ರಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ಖಚಿತಪಡಿಸಿತು.

● ಕುಣಿಗಲ್ ತಾಲ್ಲೂಕಿನಲ್ಲಿ, ರಾಷ್ಟ್ರೀಯ ಹೆದ್ದಾರಿ 75ರಲ್ಲಿ, 2020ರ ಮಾರ್ಚ್ 6ರ ನಸುಕಿನಲ್ಲಿ ಎರಡು ಕಾರುಗಳ ಅಪಘಾತಕ್ಕೆ 13 ಜೀವ ಹೋದವು. ಒಂದು ಕಾರಿನವರು ಧರ್ಮಸ್ಥಳದಿಂದ ತಮಿಳುನಾಡಿಗೆ ಮರಳುತ್ತಿದ್ದರು. ಇಂಥ ಕಡೆ ನೆನಪಿಡಬೇಕಾದ ನಿಯಮ: ಚಾಲಕನ ತಪ್ಪು ಚಾಲಕನದು, ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದವರ ಲೆಕ್ಕಕ್ಕೆ ಅದನ್ನು ಬರೆಯುವಂತಿಲ್ಲ.

● ನಿಂತ ಲಾರಿಗೆ ಹಿಂದಿನಿಂದ ಗುದ್ದಿದರೆ ತಪ್ಪು ಗುದ್ದಿದವನದೇ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಕರ್ನಾಟಕದ ಒಂದು ಪ್ರಕರಣದಲ್ಲಿ ರಾತ್ರಿ ಹೆದ್ದಾರಿಯ ನಡುವೆ ದೀಪವಿಲ್ಲದೆ, ಎಚ್ಚರಿಕೆಯ ಗುರುತಿಲ್ಲದೆ ಬಿಟ್ಟಿದ್ದ 14 ಚಕ್ರದ ಟ್ರೇಲರ್‌ಗೆ ಕಾರು ಗುದ್ದಿತ್ತು. ಕೆಳಗಿನ ಕೋರ್ಟುಗಳು ಕಾರು ಚಾಲಕನಿಗೆ ಶೇ 50 ಪಾಲು ಕೊಟ್ಟಿದ್ದವು. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಪೂರ್ತಿ ತಪ್ಪು ಟ್ರೇಲರ್‌ನವರದು ಎಂದಿತು. ಪಂಕ್ಚರಾದ ಗಾಡಿಯ ಹಿಂದೆ ನಾಲ್ಕು ಕಲ್ಲಿಟ್ಟು, ಸೊಪ್ಪು ಕಟ್ಟಿ ಮಲಗುವವರು ಇದನ್ನು ಕೇಳಿಸಿಕೊಳ್ಳಬೇಕು.

● ಹೆದ್ದಾರಿಯಲ್ಲಿ ಸೂಚನೆಯಿಲ್ಲದೆ ದಿಢೀರ್ ಬ್ರೇಕ್ ಹಾಕುವುದೂ ತಪ್ಪು. ಕೊಯಮತ್ತೂರಿನ ಪ್ರಕರಣವೊಂದರಲ್ಲಿ ಮುಂದಿದ್ದ ಕಾರು ಗಕ್ಕನೆ ನಿಂತಿತು. ಹಿಂದಿನ ಬೈಕಿನ ವಿದ್ಯಾರ್ಥಿ ಕಾರಿಗೆ ಗುದ್ದಿ ಬಿದ್ದ. ಅದರ ಹಿಂದಿನ ಬಸ್ಸು ಅವನ ಮೇಲೆ ಹರಿಯಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹಂಚಿದ ಪಾಲು ಹೀಗಿದೆ: ಕಾರು ಶೇ 50, ಬಸ್ಸು ಶೇ 30, ಬೈಕ್ ಸವಾರ ಶೇ 20. ಅಂದರೆ ಯಾರ ಮೇಲೂ ಹರಿಯದ ಕಾರಿನದೇ ದೊಡ್ಡ ಪಾಲು.

● ಬೈಕಿನಲ್ಲಿ ಮೂವರು ಕೂತಿದ್ದರು ಎಂಬುದು ದಂಡಕ್ಕೆ ಕಾರಣ. ಪರಿಹಾರ ಕಡಿತಕ್ಕೆ ಅಷ್ಟೇ ಸಾಲದು. ಮೂರನೆಯವನು ಕೂತದ್ದರಿಂದಲೇ ಅಪಘಾತವಾಯಿತು, ಇಲ್ಲವೇ ಪೆಟ್ಟು ಹೆಚ್ಚಾಯಿತು ಎಂದು ಎದುರಾಳಿ ತೋರಿಸಬೇಕು. ಇದು ಸುಪ್ರೀಂ ಕೋರ್ಟಿನ 2020ರ ತೀರ್ಪು. ಸವಾರನಿಗೆ ಲೈಸೆನ್ಸ್ ಇರಲಿಲ್ಲ ಎಂಬ ವಾದಕ್ಕೂ 2008ರಲ್ಲೇ ಇಂಥದೇ ಉತ್ತರ ಸಿಕ್ಕಿದೆ.

● 'ಇನ್ನೂ ಕಲೀತಿದ್ದೇನೆ ಸಾರ್' ಎಂಬ ಮಾತು ಕೋರ್ಟಿನಲ್ಲಿ ನಡೆಯದು. ಕಲಿಯುವವನಿಂದಲೂ ಪಳಗಿದ ಚಾಲಕನಷ್ಟೇ ಎಚ್ಚರವನ್ನು ಕಾನೂನು ಬಯಸುತ್ತದೆ ಎಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1971ರಲ್ಲಿ ಹೇಳಿತು. ನಮ್ಮಲ್ಲಂತೂ 'ಎಲ್' ಬೋರ್ಡಿನ ಕಾರಿನಲ್ಲಿ ಲೈಸೆನ್ಸ್ ಇರುವವರೊಬ್ಬರು ಪಕ್ಕದಲ್ಲಿ ಇರಲೇಬೇಕು.

● ತನ್ನದೇ ತಪ್ಪಿನಿಂದ ಸತ್ತರೆ? 2014ರ ಜೂನ್‌ನಲ್ಲಿ ಅರಸೀಕೆರೆಗೆ ಹೊರಟಿದ್ದ ಕಾರೊಂದು ದಾರಿಯಲ್ಲಿ ಪಲ್ಟಿಯಾಗಿ ಚಾಲಕ ಮೃತಪಟ್ಟ. ಮನೆಯವರು ಕೇಳಿದ್ದು ₹80 ಲಕ್ಷ. ಅತಿವೇಗ, ಅಜಾಗರೂಕತೆ ಚಾಲಕನದೇ. ಬೇರೆ ಗಾಡಿಯ ಪಾತ್ರವಿಲ್ಲ. ಹಾಗಾಗಿ ಪರಿಹಾರ ಇಲ್ಲ ಎಂದು ಹೈಕೋರ್ಟ್ ಹೇಳಿತು. ಅದನ್ನು ಬದಲಿಸಲು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

● ಸುಗ್ಗಿ ಬಂತೆಂದರೆ ನಮ್ಮ ಕಡೆಯ ಡಾಂಬರು ರಸ್ತೆಗಳೇ ಕಣ. ರಾಗಿ, ಹುರುಳಿ ಹರಡಿ ಗಾಡಿಗಳ ಚಕ್ರದಿಂದಲೇ ಒಕ್ಕಣೆ. ಇದು ನ್ಯಾಯ ಸಂಹಿತೆಯ 285ನೇ ಕಲಂ ಪ್ರಕಾರ ಸಾರ್ವಜನಿಕ ದಾರಿಗೆ ಅಡ್ಡಿ, ದಂಡ ₹5,000ವರೆಗೆ. ಹುಲ್ಲಿನ ಮೇಲೆ ಜಾರಿ ಬಿದ್ದ ಸವಾರನ ಕಷ್ಟ ಇನ್ನೂ ದೊಡ್ಡದು. ಅಲ್ಲಿ ಇನ್ನೊಂದು ಮೋಟಾರು ಗಾಡಿಯಿಲ್ಲ, ಆದ್ದರಿಂದ ಪರಿಹಾರ ಕೇಳಲು ಎದುರು ವಿಮಾ ಕಂಪನಿಯೂ ಇಲ್ಲ.

ಸ್ಟೀರಿಂಗ್ ಮುಟ್ಟದವರ ಹೊಣೆ

● ಗಾಡಿ ಮಾರಿ ಹಣ ಎಣಿಸಿಕೊಂಡಿರಿ. ಕೊಂಡವನು ಆರ್‌ಸಿ ಹೆಸರು ಬದಲಿಸಲಿಲ್ಲ. ಆ ಗಾಡಿ ಎರಡು ವರ್ಷದ ಮೇಲೆ ಯಾರಿಗೋ ಗುದ್ದಿತು. ಪರಿಹಾರ ಕೊಡಬೇಕಾದವರು? ಆರ್‌ಸಿಯಲ್ಲಿ ಹೆಸರಿರುವ ನೀವೇ. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಮತ್ತೆ ಖಚಿತಪಡಿಸಿದೆ. ಗಾಡಿ ನಾಲ್ಕು ಕೈ ದಾಟಿದ್ದರೂ ಕಾಗದದಲ್ಲಿ ಯಾರಿದ್ದಾರೋ ಅವರೇ ಮಾಲೀಕರು.

● ಹೈಸ್ಕೂಲು ಹುಡುಗನ ಕೈಗೆ ಸ್ಕೂಟರ್ ಕೊಟ್ಟ ಅಪ್ಪನಿಗೆ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, ₹25,000 ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. 'ನನಗೆ ಗೊತ್ತಿಲ್ಲದೆ ತಗೊಂಡು ಹೋದ' ಎಂಬುದನ್ನು ಅಪ್ಪನೇ ಸಾಬೀತು ಮಾಡಬೇಕು. ಸುಮ್ಮನೆ ಹೇಳಿದರೆ ಆಗದು.

● ಇಳಕಲ್-ಕುಷ್ಟಗಿ ಹೆದ್ದಾರಿ. ಒಬ್ಬ ಬೇರೆಯವರ ಬೈಕ್ ಕೇಳಿ ಪಡೆದು ಹೊರಟಿದ್ದ. ಮುಂದಿದ್ದ ಕಬ್ಬಿಣದ ತಗಡು ಹೇರಿದ ಎತ್ತಿನ ಗಾಡಿ ಫಕ್ಕನೆ ನಿಂತಿತು. ಗುದ್ದಿ ಸತ್ತ. ಗಾಡಿ ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಆ ಬೈಕಿನ ವಿಮೆಯ ಮಟ್ಟಿಗೆ ಅವನು 'ಮೂರನೆಯವನು' ಆಗಲಾರ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎತ್ತಿನ ಗಾಡಿಗೋ, ಮೋಟಾರು ವಿಮೆಯೇ ಕಡ್ಡಾಯವಿಲ್ಲ.

● ಥರ್ಡ್ ಪಾರ್ಟಿ ವಿಮೆ ಈ ದೇಶದಲ್ಲಿ ಕಡ್ಡಾಯವಾದದ್ದು 1946ರ ಜುಲೈ 1ರಂದು. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ 5 ವರ್ಷದ್ದು, ಹೊಸ ಕಾರಿಗೆ 3 ವರ್ಷದ್ದು ಒಟ್ಟಿಗೇ ಕೊಳ್ಳಬೇಕು. ಅಪಾಯ ಇರುವುದು ಬೈಕಿನ ಆರನೇ ವರ್ಷದಲ್ಲಿ. 'ಇನ್ಶೂರೆನ್ಸ್ ಐತಲ್ಲ' ಎಂಬ ಗುಂಗಿನಲ್ಲೇ ಪಾಲಿಸಿ ಮುಗಿದಿರುತ್ತದೆ. ಆಮೇಲೆ ಗುದ್ದಿದರೆ ತೀರ್ಪಿನ ಪೂರ್ತಿ ಹಣ ಮಾಲೀಕನ ಹೊಲ, ಮನೆಯಿಂದ ಬರಬೇಕಾದೀತು.

● ಥರ್ಡ್ ಪಾರ್ಟಿ ಮಾತ್ರ ಇರುವ ಪಾಲಿಸಿ ನಿಮ್ಮದೇ ಬೈಕಿನ ಹಿಂದೆ ಕೂತ ಹೆಂಡತಿಯನ್ನು ಕಾಯುವುದಿಲ್ಲ. ಹಿಂದಿನ ಸವಾರರು ಆ ಬೈಕಿನ ಮಟ್ಟಿಗೆ ಮೂರನೆಯವರಲ್ಲ ಎಂಬುದು 2006ರ ತೀರ್ಪು. ಅವರಿಗೂ ರಕ್ಷಣೆ ಬೇಕೆಂದರೆ ಸಮಗ್ರ ಪಾಲಿಸಿ ಬೇಕು. ಮಾಲೀಕ ತಾನೇ ಓಡಿಸುವಾಗ ಅವನ ಸಾವಿಗೆ ₹15 ಲಕ್ಷ ಬರುವುದು ವೈಯಕ್ತಿಕ ಅಪಘಾತ ವಿಮೆ ಮಾಡಿಸಿದ್ದರೆ, ಅದೂ ಚಾಲ್ತಿಯ ಲೈಸೆನ್ಸ್ ಇದ್ದರೆ.

● ಚಾಲಕನ ಲೈಸೆನ್ಸ್ ನಕಲಿ ಅಥವಾ ಅವಧಿ ಮುಗಿದದ್ದು ಎಂದಾದರೂ ಸಂತ್ರಸ್ತರು ಬರಿಗೈಯಲ್ಲಿ ಹೋಗಬೇಕಿಲ್ಲ. ವಿಮಾ ಕಂಪನಿ ಮೊದಲು ಅವರಿಗೆ ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟು ಹೇಳಬಹುದು. 2004ರ ತೀರ್ಪಿನಿಂದ ಗಟ್ಟಿಯಾದ ಈ ಪದ್ಧತಿಯಿಂದ ಸಂತ್ರಸ್ತರಿಗೆ ನೆಮ್ಮದಿ, ಲೈಸೆನ್ಸ್ ನೋಡದೆ ಚಾಲಕನನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕನಿಗೆ ಸಾಲ.

● ಕಾರಿನ ಲೈಸೆನ್ಸಿನಲ್ಲೇ ಲಗೇಜ್ ಆಟೊ ಓಡಿಸಬಹುದೇ? ಗಾಡಿಯ ಒಟ್ಟು ತೂಕ 7,500 ಕಿಲೊ ಮೀರದಿದ್ದರೆ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಸಂತೆಗೆ ತರಕಾರಿ, ಮಂಡಿಗೆ ಕೊಬ್ಬರಿ ಸಾಗಿಸುವ ಚಿಕ್ಕ ಗಾಡಿಗಳವರಿಗೆ ವಿಮಾ ಕಂಪನಿಗಳು ಒಡ್ಡುತ್ತಿದ್ದ ಮುಖ್ಯ ತಕರಾರು ಇದರಿಂದ ಹೋಯಿತು.

● ಕೊಬ್ಬರಿ ಮೂಟೆಯ ಜತೆ ಲಾರಿಯಲ್ಲಿ ಹೋಗುವ ಸರಕಿನ ಮಾಲೀಕ ಅಥವಾ ಅವನ ಕಡೆಯವನಿಗೆ 1994ರ ತಿದ್ದುಪಡಿಯಿಂದ ವಿಮೆಯ ರಕ್ಷಣೆ ಉಂಟು. ಅದೇ ಲಾರಿಯಲ್ಲಿ 'ಹಂಗೇ ಒಂದು ಡ್ರಾಪ್' ಎಂದು ಹತ್ತಿದವನಿಗೆ ಇಲ್ಲ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ದಿಬ್ಬಣ ಕರೆದೊಯ್ಯುವ ಮುನ್ನ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಇದನ್ನು ತಿಳಿದಿರಲಿ.

● 2022ರ ಆಗಸ್ಟ್ 25ರಂದು ಶಿರಾ ತಾಲ್ಲೂಕಿನ ಬಾಲೇನಹಳ್ಳಿ ಬಳಿ ಲಾರಿಗೂ ಕ್ರೂಸರಿಗೂ ಡಿಕ್ಕಿಯಾಗಿ 9 ಜನ ಸತ್ತರು. ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ರಾಯಚೂರು ಜಿಲ್ಲೆಯವರು ಕ್ರೂಸರಿನ ತುಂಬ ಇದ್ದರು. ಹೀಗೆ ತುಂಬಿದ ಗಾಡಿಯ ವಿಮೆಯ ಬಗ್ಗೆ 2007ರ ತೀರ್ಪು ಹೇಳುವುದಿಷ್ಟು: ಆ ಗಾಡಿಯ ವಿಮಾ ಕಂಪನಿಯ ಹೊಣೆ, ಪಾಲಿಸಿಯಲ್ಲಿ ಎಷ್ಟು ಪ್ರಯಾಣಿಕರಿಗೆ ರಕ್ಷಣೆಯಿದೆಯೋ ಅಷ್ಟಕ್ಕೆ ಮಾತ್ರ. ಮಿಕ್ಕವರ ಹೊಣೆ ಗಾಡಿಯ ಮಾಲೀಕನ ಮೇಲೆ.

● ರಸ್ತೆ ಮಾಡಿದವರೂ ತಪ್ಪಿಸಿಕೊಳ್ಳುವಂತಿಲ್ಲ. ವಿನ್ಯಾಸ, ಕಾಮಗಾರಿ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣವಾದ ಗುತ್ತಿಗೆದಾರ, ಸಲಹೆಗಾರ, ಪ್ರಾಧಿಕಾರಕ್ಕೆ ಮೋಟಾರು ವಾಹನ ಕಾಯ್ದೆಯ 198ಎ ಕಲಂ ಅಡಿ ₹1 ಲಕ್ಷದವರೆಗೆ ದಂಡ.

● ಗುದ್ದಿ ಕೆಡವಿದ ಮರಕ್ಕೂ ಪರಿಹಾರ! ಕಾಯ್ದೆಯ ವಿಮೆಯ ಅಧ್ಯಾಯದಲ್ಲಿ 'ಆಸ್ತಿ' ಎಂಬುದರೊಳಗೆ ರಸ್ತೆ, ಸೇತುವೆ, ಮೋರಿ, ಕಂಬ, ಮೈಲಿಗಲ್ಲು, ಮರ ಎಲ್ಲವೂ ಸೇರಿವೆ. ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ಗುಬ್ಬಿ ತಾಲ್ಲೂಕಿನಲ್ಲಿ. ಈ ಸೀಮೆಯವರು ಇದನ್ನು ತಿಳಿದಿದ್ದರೆ ಚೆನ್ನ. ಹಟ್ಟಿಗೆ ಮರಳುತ್ತಿದ್ದ ಹಸು ಲಾರಿಗೆ ಸಿಕ್ಕಿ ಸತ್ತರೂ ಪರಿಹಾರ ಕೇಳಬಹುದು.

ಪರಿಹಾರದ ಲೆಕ್ಕ

● ಸತ್ತವರ ಕುಟುಂಬಕ್ಕೆ ಎಷ್ಟು? ಕೋರ್ಟು ಲೆಕ್ಕ ಹಾಕುವ ಕ್ರಮ ಇದು. 35 ವರ್ಷದ, ತಿಂಗಳಿಗೆ ₹15,000 ದುಡಿಯುವ, ಸ್ವಂತ ಕಸುಬಿನವನು ಎನ್ನಿ. ಮುಂದೆ ಆದಾಯ ಏರುತ್ತಿತ್ತೆಂದು ಶೇ 40 ಸೇರಿಸಿದರೆ ₹21,000. ಅವನನ್ನು ನಂಬಿದವರು ನಾಲ್ವರಾದರೆ ಅವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದು ₹15,750. ವರ್ಷಕ್ಕೆ ₹1,89,000. ಆ ವಯಸ್ಸಿಗೆ ಗುಣಕ 16. ಒಟ್ಟು ₹30,24,000. ಗುಣಕದ ಪಟ್ಟಿ 2009ರ ತೀರ್ಪಿನದು. ಶೇ 40ರ ನಿಯಮ 2017ರ ಅಕ್ಟೋಬರ್ 31ರ ತೀರ್ಪಿನದು.

● ಸಂಬಳದ ಚೀಟಿ ಇಲ್ಲದ ಕೂಲಿಕಾರ ಹೇಳಿದ ಆದಾಯವನ್ನೂ ನಂಬುವಂತಿದ್ದರೆ ಕೋರ್ಟು ಒಪ್ಪುತ್ತದೆ. ಕರ್ನಾಟಕದ ಒಬ್ಬ ಕೂಲಿಕಾರ ತಿಂಗಳಿಗೆ ₹4,500 ಎಂದಿದ್ದನ್ನು ಸುಪ್ರೀಂ ಕೋರ್ಟ್ 2011ರಲ್ಲಿ ದಾಖಲೆ ಕೇಳದೆ ಒಪ್ಪಿತು. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಲೋಕ ಅದಾಲತ್‌ಗೆಂದು ಮಾಡಿಟ್ಟ, ವರ್ಷವಾರು ಅಂದಾಜು ಆದಾಯದ ಪಟ್ಟಿಯೂ ಇಂಥವರಿಗೆ ಆಸರೆ.

● ಕಾಲು ಕಳೆದುಕೊಂಡ ಗುಮಾಸ್ತನ ನಷ್ಟವೂ ತರಕಾರಿ ಮಾರುವವನ ನಷ್ಟವೂ ಒಂದೇ ಅಲ್ಲ. ಕರ್ನಾಟಕದ 24 ವರ್ಷದ ತರಕಾರಿ ವ್ಯಾಪಾರಿಯೊಬ್ಬ ಬಲಗಾಲು ಕಳೆದುಕೊಂಡಾಗ ಅವನ ದುಡಿಮೆಯ ನಷ್ಟವನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಶೇ 85 ಎಂದು ಎಣಿಸಿತು. ವೈದ್ಯರ ಪ್ರಮಾಣಪತ್ರದ ಅಂಕಿಯಷ್ಟನ್ನೇ ನೋಡದೆ, ಆ ದೇಹ ಯಾವ ಕೆಲಸ ಮಾಡುತ್ತಿತ್ತು ಎಂಬುದನ್ನೂ ನೋಡಬೇಕು.

● 'ಮನೇಲೇ ಇರ್ತಿದ್ದರು' ಎಂದು ಗೃಹಿಣಿಯ ದುಡಿಮೆಯನ್ನು ಸೊನ್ನೆ ಎನ್ನುವಂತಿಲ್ಲ. 2021ರ ಜನವರಿಯ ತೀರ್ಪಿನಂತೆ ಅವರಿಗೂ ಅಂದಾಜು ಆದಾಯ ಹಿಡಿದು, ಮುಂದಿನ ಏರಿಕೆಯನ್ನೂ ಸೇರಿಸಬಹುದು. ಗಾಯಗೊಂಡ ಮಗುವಿಗೆ ಕುಶಲ ಕಾರ್ಮಿಕರ ಕನಿಷ್ಠ ವೇತನವನ್ನೇ ಆದಾಯವೆಂದು ಹಿಡಿಯಬೇಕು ಎಂದದ್ದು 2025ರ ತೀರ್ಪು.

● ಯಾರ ತಪ್ಪೆಂದು ಸಾಬೀತು ಮಾಡದೆಯೇ ಸಿಗುವ ಪರಿಹಾರವೂ ಇದೆ. 1982ರಲ್ಲಿ ಅದು ಶುರುವಾದಾಗ ಒಂದು ಸಾವಿಗೆ ₹15,000. 1988ರ ಕಾಯ್ದೆಯಲ್ಲಿ ₹25,000, 1994ರಲ್ಲಿ ₹50,000. 2022ರ ಏಪ್ರಿಲ್ 1ರಿಂದ 164ನೇ ಕಲಂ ಅಡಿ ₹5 ಲಕ್ಷ. ತೀವ್ರ ಗಾಯಕ್ಕೆ ₹2.5 ಲಕ್ಷ. ಗುದ್ದಿ ಓಡಿಹೋದ ಗಾಡಿ ಸಿಗದೇ ಹೋದರೆ ಸಾವಿಗೆ ₹2 ಲಕ್ಷ, ತೀವ್ರ ಗಾಯಕ್ಕೆ ₹50,000 ಸರ್ಕಾರದ ನಿಧಿಯಿಂದ ಬರುತ್ತದೆ.

● ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಪ್ರಯಾಣಿಸುವಾಗ ಅಪಘಾತದಲ್ಲಿ ಸತ್ತರೆ ನಿಗಮದ ನಿಧಿಯಿಂದ ಕೊಡುವ ಮೊತ್ತ 2024ರ ಜನವರಿ 1ರಿಂದ ₹3 ಲಕ್ಷದಿಂದ ₹10 ಲಕ್ಷಕ್ಕೆ ಏರಿದೆ. ನ್ಯಾಯಮಂಡಳಿಗೆ ಹೋಗುವ ಹಕ್ಕು ಬೇರೆ. ಅಲ್ಲಿಯ ತೀರ್ಪಿನ ಹಣ ಕಟ್ಟದಿದ್ದರೆ ಕೋರ್ಟಿನ ಅಮೀನರು ಬಂದು ಸರ್ಕಾರಿ ಬಸ್ಸನ್ನೇ ಜಪ್ತಿ ಮಾಡುವುದೂ ಉಂಟು.

● ಅಪಘಾತವಾದ ಊರಿನಲ್ಲೇ ಅರ್ಜಿ ಹಾಕಬೇಕೆಂದಿಲ್ಲ. ಶಿರಾದಲ್ಲಿ ಗಾಯಗೊಂಡ ರಾಯಚೂರಿನವರು ರಾಯಚೂರಿನಲ್ಲೇ ಹಾಕಬಹುದು. ಗುದ್ದಿದವರು ಇರುವ ಊರಿನಲ್ಲೂ ಆದೀತು.

● ಅರ್ಜಿಗೆ ಗಡುವು 6 ತಿಂಗಳು. 1994ರ ತಿದ್ದುಪಡಿಯ ಮೇಲೆ ಇಂಥ ಮಿತಿ ಇರಲಿಲ್ಲ. 2022ರ ಏಪ್ರಿಲ್ 1ರಿಂದ ಮತ್ತೆ ಬಂತು. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. 'ತಡವಾಯಿತು' ಎಂಬ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಎಂದು 2025ರ ನವೆಂಬರಿನಲ್ಲಿ ಅದು ಮಧ್ಯಂತರ ಆದೇಶ ಕೊಟ್ಟಿತು. ಮಧ್ಯಂತರ ಎಂದರೆ ಕೊನೆಯ ಮಾತಲ್ಲ. ಸೂತಕ ಕಳೆದು, ವರ್ಷಾಬ್ದಿಕ ಮುಗಿಯಲಿ ಎಂದು ಕಾಯುವವರು ಈ ಆರು ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು.

● ವಕೀಲರಿಗೆ ಕೊಡಲು ಹಣವಿಲ್ಲವೇ? ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ದೂರವಾಣಿ 15100. ಜಿಲ್ಲಾ ಪ್ರಾಧಿಕಾರ ತುಮಕೂರಿನಲ್ಲೇ ಇದೆ. ಗುಬ್ಬಿ, ಕುಣಿಗಲ್‌ನವರು ತಾಲ್ಲೂಕು ಸಮಿತಿಯಲ್ಲೂ ಕೇಳಬಹುದು. ಹೋಗುವಾಗ ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಬಿಲ್ಲು, ಗುದ್ದಿದ ಗಾಡಿಯ ನಂಬರು ಕೈಯಲ್ಲಿರಲಿ. ತಪ್ಪಿನ ಪಾಲು ತೀರ್ಮಾನವಾಗುವುದು ಅವುಗಳ ಮೇಲೆ.